ಬೋನಿನಲ್ಲಿ ಹೆತ್ತ ಕಾಡಿಲಿ

ದೇಲಂಪಾಡಿಯಲ್ಲಿ ಅತ್ತೆಯ ಮನೆಯಲ್ಲಿದ್ದ ಆ ಬೇಸಿಗೆಯಲ್ಲಿ ನಾನು ಒಂದು ಕಡೆ ಕೂತ ನೆನಪಿಲ್ಲ. ಸಂಶೋಧನೆಗೆಂದು ಕಾಡಿಲಿಗಳನ್ನು ಹಿಡಿದು, ಡಿಎನ್‌ಎ ಪರೀಕ್ಷೆಗೆ ಕಿವಿಯಂಚಿನಿಂದ ಸಾಸಿವೆಯಷ್ಟು ಚರ್ಮ ತೆಗೆದು, ಹಿಡಿದಲ್ಲೇ ಬಿಡುತ್ತಿದ್ದೆ. ಮನೆಯ ಹಿಂದೆ ಒಂದು ತುಂಡು ಕಾಡು, ರಸ್ತೆಯಾಚೆ ಇನ್ನೊಂದು. ಎರಡರ ನಡುವೆ ಮಾವನ ರಬ್ಬರ್ ತೋಟ, ಅದರ ಅಂಚಿನಲ್ಲಿ ರಸ್ತೆಯವರೆಗೂ ಪೊದೆಗಳ ಸಾಲು. ಅತ್ತಣ ಇಲಿಗಳು ಇತ್ತಣ ಇಲಿಗಳನ್ನು ಕೂಡುತ್ತವೆಯೇ, ಅಥವಾ ಸಿಕ್ಕಿಬಿದ್ದು ಒಡಹುಟ್ಟಿದವುಗಳಲ್ಲೇ ಕೂಡಿ ಸಂತತಿ ಸೊರಗುತ್ತಿದೆಯೇ? ನನಗೆ ತಿಳಿಯಬೇಕಾದದ್ದು ಅದು. ದಾಟುವುದಾದರೆ ಆ ಪೊದೆಗಳ ಮರೆಯಲ್ಲೇ ದಾಟಬೇಕು. ಮಾವನೋ ಮಳೆಗೆ ಮೊದಲೇ ಅವನ್ನು ಸವರಿಸುವವರಿದ್ದರು.

ಒಂದು ಬೆಳಿಗ್ಗೆ ಮನೆಯ ಕಡೆಯ ಪೊದೆಗಳಲ್ಲಿಟ್ಟಿದ್ದ ಬೋನು ಎತ್ತಿ ಇಣುಕಿದೆ. ಒಳಗಿನ ಹತ್ತಿಯ ಮೇಲೆ ಹೆಣ್ಣಿಲಿ, ಹೊಟ್ಟೆಗಂಟಿಕೊಂಡು ಕೆಂಪು ಮರಿಗಳು. ಬೆದರಿದ ತಾಯಿ ಮರಿಗಳನ್ನು ತಿಂದುಬಿಡುವುದುಂಟು. ಬೇಗಬೇಗ ಬಾಲದ ತುದಿಗಳ ಚೂರು ತೆಗೆದುಕೊಂಡು, ಬೋನನ್ನು ಪೊದೆಯ ಬುಡದಲ್ಲಿಟ್ಟು ಬಾಗಿಲು ತೆರೆದೆ. ದೂರದಲ್ಲಿ ನಿಂತೆ, ನಡೆದೆ, ಮತ್ತೆ ನಿಂತೆ. ತಿಂಡಿಗೆ ಕರೆಯಲು ಬಂದ ಅತ್ತೆಗೆ ನಗು.

"ಎಂತ ಮಾರಾಯ್ತಿ, ಬಾಣಂತನ ಮಾಡ್ಲಿಕ್ಕೆ ನಿನಗೆ ಇಲಿಯೇ ಸಿಕ್ಕಿದ್ದಾ?"

"ಮರಿಗಳ ಅಪ್ಪ ಯಾರು ಅಂತ ಗೊತ್ತಾಗ್ಬೇಕು ಅತ್ತೆ."

"ಗೊತ್ತಾಗಿ? ತೊಟ್ಟಿಲು ಹಾಕ್ಲಿಕ್ಕೆ ಉಂಟಾ?"

ಅಷ್ಟರಲ್ಲಿ ತಾಯಿ ಹೊರಬಂತು. ಒಂದೊಂದೇ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಪೊದೆಯೊಳಗೆ ಸಾಗಿಸಿತು. ಕೊನೆಯ ಮರಿ ಮರೆಯಾಗುವವರೆಗೆ ಅತ್ತೆಯೂ ಕದಲಲಿಲ್ಲ.

ಚೂರುಗಳನ್ನು ಪ್ರಯೋಗಾಲಯಕ್ಕೆ ಕಳಿಸಿದ ಮೇಲೆ ಕಾಯುವ ಕೆಲಸ. ಮೋಡ ಕಂಡರೆ ಪೊದೆಗಳು ಇನ್ನೂ ಇವೆಯೇ ಎಂದು ಓಡಿ ನೋಡಿ ಬರುತ್ತಿದ್ದೆ. ಫೋನು ಬಂದ ದಿನವೇ ಪೊದೆ ಸವರುವವರೂ ಬಂದಿದ್ದರು. "ಒಂದೇ ಹೆರಿಗೆಯ ಮರಿಗಳಿಗೆ ಇಬ್ಬರು ಅಪ್ಪಂದಿರು. ಒಂದು ನೀನು ರಸ್ತೆಯಾಚೆ ಹಿಡಿದಿದ್ದ ಗಂಡು," ಎಂದರು ನನ್ನ ಮಾರ್ಗದರ್ಶಕಿ. ಪೂರ್ತಿ ಕೇಳದೆ ತೋಟಕ್ಕೆ ಓಡಿದೆ. ಕತ್ತಿಯ ಸದ್ದು ಆಗಲೇ ಕೇಳುತ್ತಿತ್ತು.

"ಮಾವ, ನಿಲ್ಲಿಸಿ! ಆಚೆಯ ಗಂಡಿಲಿ ಈಚೆ ಬರ್ತಾ ಉಂಟು. ಈ ಪೊದೆಯ ಮರೆಯಲ್ಲೇ ಬರ್ತಿರ್ಬೇಕು."

"ನೀನು ಕಂಡಿದ್ದೀಯಾ?"

"ಇಲ್ಲ."

ಸುಳ್ಳು ಹೇಳಬಹುದಿತ್ತು, ನಾಲಿಗೆ ಏಳಲಿಲ್ಲ. ಹಿಂದೆಯೇ ಬಂದಿದ್ದ ಅತ್ತೆ, "ಬಾಣಂತಿ ಉಂಟು ಅದರೊಳಗೆ. ಈಗ ಕಡೀಬೇಡಿ," ಎಂದರು. ಮಾವ ನನ್ನನ್ನೂ ಅವರನ್ನೂ ನೋಡಿ ಆಳುಗಳಿಗೆ ಸಾಕೆಂದು ಕೈಮಾಡಿದರು. "ಈ ಮಳೆಗಾಲ ಇರ್ಲಿ. ಮತ್ತೆ ನೋಡುವ."

ಅರ್ಧ ಸಾಲು ಉಳಿಯಿತು. ಕಡಿದ ಜಾಗ ಬಿಸಿಲಿಗೆ ಬಯಲಾಗಿತ್ತು. ಅಷ್ಟು ಬಯಲನ್ನು ಇಲಿ ದಾಟೀತೇ? ಮಾವನ ಮಾತಿಗೆ ಸಂತೋಷಪಡಲೂ ವ್ಯವಧಾನವಿಲ್ಲದೆ, ಆ ಬಯಲಿನ ಎರಡೂ ಕಡೆ ಇಡಲು ಹೊಸ ಬೋನುಗಳಿಗಾಗಿ ಹೊರಟೆ.