ನಾಯಕಿ ಕುಸ್ತಿಗಿಳಿದ ಅಧ್ಯಾಯ

ಚಾಮರಾಜಪೇಟೆಯಲ್ಲಿ ನಮ್ಮ ಬೀದಿಯ ತಿರುವಿನಲ್ಲಿದ್ದ ಪುಸ್ತಕದಂಗಡಿಗೆ ಪುಸ್ತಕ ಕೊಳ್ಳುವವರಿಗಿಂತ ಕೇಳುವವರೇ ಹೆಚ್ಚಾಗಿ ಬರುತ್ತಿದ್ದರು. ಯಜಮಾನರು ಹಗಲೆಲ್ಲ ಸ್ಲೇಟು, ಪಂಚಾಂಗ, ಪಠ್ಯಪುಸ್ತಕ ಮಾರುವರು. ಸಂಜೆಯಾದರೆ ಜಗಲಿಯ ಮೇಲೆ ಚಾಪೆ ಹಾಸಿ, ಹೊಸ ಕಾದಂಬರಿಯ ಒಂದು ಅಧ್ಯಾಯವನ್ನು ಗಟ್ಟಿಯಾಗಿ ಓದುವರು. ಕಳ್ಳ ಕತ್ತಿ ಎತ್ತಿದ ಕಡೆ ಪುಸ್ತಕ ಮುಚ್ಚುವುದು ಅವರ ವ್ಯಾಪಾರದ ಗುಟ್ಟು. ತಡೆಯಲಾರದವರು ಒಂದು ಪ್ರತಿ ಕೊಂಡೊಯ್ಯುತ್ತಿದ್ದರು. ಉಳಿದವರಿಗೆ, "ಪರವಾಗಿಲ್ಲ, ನಾಳೆ ಕಿವಿ ತಗೊಂಡ್ಬನ್ನಿ," ಎನ್ನುತ್ತಿದ್ದರು. ಎರಡನೇ ಕ್ಲಾಸಿಗೇ ಶಾಲೆ ಬಿಟ್ಟು ಅಪ್ಪನ ಜೊತೆ ತರಕಾರಿ ಮಾರಲು ನಿಂತವನು ನಾನು. ಇಷ್ಟಾದರೂ ಬರೆಯಲು ಬಂದದ್ದು ಆ ಜಗಲಿಯಿಂದ.

ಹೆಂಗಸರು ಅಲ್ಲಿಗೆ ಹೋಗುವ ರೂಢಿ ಇರಲಿಲ್ಲ. ನಮ್ಮ ಬೀದಿಗೇ ಮದುವೆ ಮಾಡಿಕೊಟ್ಟಿದ್ದ ನನ್ನಕ್ಕನಿಗೋ ಕಥೆಯ ಹುಚ್ಚು. ನಾನು ಕೇಳಿದ್ದನ್ನು ಅವಳ ಹಿತ್ತಿಲ ಬಾಗಿಲಲ್ಲಿ ನಿಂತು ಹೇಳಿ ಬರುತ್ತಿದ್ದೆ. ಬೆಳಿಗ್ಗೆ ಅವಳು ಅದನ್ನು ಬೀದಿ ನಲ್ಲಿಯ ಹತ್ತಿರ ಹೆಂಗಸರಿಗೆ ಹೇಳುತ್ತಿದ್ದಳು. ಕಥೆಗೋಸ್ಕರ ಅವರು ಅವಳ ಬಿಂದಿಗೆಯನ್ನು ಎಲ್ಲರಿಗಿಂತ ಮುಂದೆ ಇಡುತ್ತಿದ್ದರು. ವರ್ಷ ತುಂಬದ ಸೊಸೆಗೆ ಅದು ಸಣ್ಣ ಮರ್ಯಾದೆಯಲ್ಲ.

ನನಗೆ ಆಗಷ್ಟೇ ಮೀಸೆ ಚಿಗುರುತ್ತಿತ್ತು. ಗರಡಿಯ ಹುಚ್ಚು ಹಿಡಿದಿತ್ತು. ಚಿಕ್ಕಪ್ಪ ಕುಸ್ತಿಯಲ್ಲಿ ತೋಳು ಮುರಿದುಕೊಂಡ ಮೇಲೆ ಅಪ್ಪ ಗರಡಿಯ ಹೆಸರೆತ್ತಿದರೆ ಉರಿದುಬೀಳುತ್ತಿದ್ದರು. ಒಂದು ಸಂಜೆ ಪುಸ್ತಕದಂಗಡಿಗೆಂದು ಹೇಳಿ ಗರಡಿಗೆ ಹೋದೆ. ವಾಪಸು ಬಂದರೆ ಅಕ್ಕ ಬಾಗಿಲಲ್ಲೇ ಕಾಯುತ್ತಿದ್ದಾಳೆ. ತಲೆಯಲ್ಲಿ ಇದ್ದದ್ದನ್ನೇ ಹೇಳಿಬಿಟ್ಟೆ: ನಾಯಕಿ ಸೆರಗು ಬಿಗಿದು, ಕಳ್ಳರ ನಾಯಕನಿಗೆ ಒಳಗಾಲು ಪಟ್ಟು ಹಾಕಿ, ಅಂಗಾತ ಕೆಡವಿದಳು.

ನಲ್ಲಿಯ ಹತ್ತಿರ ಆ ಅಧ್ಯಾಯಕ್ಕೆ ಹಿಂದೆಂದೂ ಕಾಣದ ಮೆಚ್ಚುಗೆ. ಹೆಂಗಸರು ಅದನ್ನು ಮನೆಗೆ ಒಯ್ದರು. ಎಡವಟ್ಟಾದದ್ದು ಅಲ್ಲೇ.

ಮಾರನೆಯ ಬೆಳಿಗ್ಗೆ ನಾನು ಅಕ್ಕನ ಜೊತೆ ಇನ್ನೊಂದು ಬಿಂದಿಗೆ ಹೊತ್ತು ನಲ್ಲಿಗೆ ಹೋಗಿದ್ದೆ. ಎದುರುಮನೆಯಾಕೆ ಸೊಂಟಕ್ಕೆ ಕೈಯಿಟ್ಟು ಕಾಯುತ್ತಿದ್ದಳು.

"ಏನೇ, ನಮ್ಮನೆಯವ್ರು ಅನ್ನದ ಮುಂದೆ ಕೂತು ನಕ್ಕಿದ್ದೇ ನಕ್ಕಿದ್ದು! ಆ ಹುಡುಗಿ ಸೋದರತ್ತೆ ಮನೇಲಿ ಜ್ವರ ಬಂದು ಮಲಗಿದಾಳಂತೆ. ಕುಸ್ತೀನೂ ಇಲ್ಲ, ಗಿಸ್ತೀನೂ ಇಲ್ಲ."

"ನಿಮ್ಮನೆಯವ್ರು ತೂಕಡಿಸಿರ್ಬೇಕು," ಎಂದಳು ಅಕ್ಕ.

"ಬೀದಿ ಗಂಡಸರೆಲ್ಲ ಒಟ್ಟಿಗೇ ತೂಕಡಿಸಿದ್ರೇನೇ? ನಡಿ, ಅಂಗಡಿಯವ್ರನ್ನೇ ಕೇಳೋಣ."

ಬಿಂದಿಗೆಗಳ ಸಮೇತ ಹೆಂಗಸರ ದಂಡು ಅಂಗಡಿಗೆ ನಡೆಯಿತು. ಬಾಗಿಲು ತೆಗೆಯುತ್ತಿದ್ದ ಯಜಮಾನರು ಗಾಬರಿಯಿಂದ, "ಬನ್ನಿ ತಾಯಿ, ಎಲ್ಲಾದ್ರೂ ಬೆಂಕಿ ಬಿತ್ತಾ?" ಎಂದರು. ವಿಷಯ ತಿಳಿದ ಮೇಲೆ ಆ ಅಧ್ಯಾಯವನ್ನು ಅಲ್ಲೇ ಓದಿದರು. ಜ್ವರ, ಕಷಾಯ, ಸೋದರತ್ತೆಯ ಕಣ್ಣೀರು ಬಂದವು; ಕಳ್ಳ ಬರಲೇ ಇಲ್ಲ.

"ಕುಸ್ತಿ ವಿಷಯ ಯಾರು ಹೇಳಿದ್ದಮ್ಮ?" ಎಂದು ಕೇಳಿ, ಅವರು ನನ್ನ ಕಡೆ ನೋಡಿದರು. ಆ ಸಂಜೆ ಚಾಪೆಯ ಮೇಲೆ ನಾನಿರಲಿಲ್ಲವೆಂದು ಅವರಿಗೆ ಗೊತ್ತಿತ್ತು.

ಅಕ್ಕನೂ ನನ್ನ ಕಡೆ ನೋಡಿದಳು. ನಿಜ ಹೇಳಿದರೆ ಅಪ್ಪನಿಗೆ ತಿಳಿಯುತ್ತದೆ, ಗರಡಿಗೆ ಕಲ್ಲು ಬೀಳುತ್ತದೆ. ನಾನು ಬಿಂದಿಗೆಯ ಬಾಯಿ ನೋಡುತ್ತ ನಿಂತೆ.

"ನಾನೇ ಸೇರಿಸ್ದೆ," ಎಂದಳು ಅಕ್ಕ.

ಅಂದಿನಿಂದ ಅವಳು 'ಬುರುಡೆ ಸೊಸೆ' ಆದಳು. ಬಿಂದಿಗೆ ಸಾಲಿನ ಕೊನೆಗೆ ಹೋಯಿತು. ಅವಳ ಸರದಿ ಬರುವಷ್ಟರಲ್ಲಿ ನಲ್ಲಿ ನಿಂತುಹೋಗುತ್ತಿತ್ತು. ಖಾಲಿ ಬಿಂದಿಗೆ ನೋಡಿ ಅತ್ತೆ, "ಕಥೆ ಕುಡಿದು ಬದುಕೋಣ ಬಿಡು," ಎನ್ನುತ್ತಿದ್ದರು. ನಾನು ಎಲ್ಲವನ್ನೂ ನೋಡುತ್ತಿದ್ದೆ, ಗರಡಿಗೂ ಹೋಗುತ್ತಿದ್ದೆ.

ಅವಳನ್ನು ಕಾಪಾಡಿದ್ದು ನಾನಲ್ಲ, ಆ ಜ್ವರ. ಕಾದಂಬರಿಯಲ್ಲಿ ಅದು ಅಧ್ಯಾಯದ ಮೇಲೆ ಅಧ್ಯಾಯವಾದರೂ ಇಳಿಯಲಿಲ್ಲ. ಕೊನೆಗೊಂದು ಬೆಳಿಗ್ಗೆ ಎದುರುಮನೆಯಾಕೆಯೇ ಅಕ್ಕನ ಬಿಂದಿಗೆಯನ್ನು ಎಳೆದು ಮುಂದಿಟ್ಟಳು.

"ಸಾಕಾಯ್ತು ಕಣೇ, ಆ ರೋಗಿಷ್ಠೆಯ ಕಷಾಯ. ನಿನ್ನ ಹುಡುಗಿ ಆ ಕಳ್ಳನ್ನ ಕೆಡವಿದ ಮೇಲೆ ಏನ್ಮಾಡಿದ್ಳು? ಅದನ್ನ ಹೇಳು."

ಅಕ್ಕ ಹೇಳತೊಡಗಿದಳು. ಸಂಜೆ ಹಿತ್ತಿಲ ಬಾಗಿಲಲ್ಲಿ ನನ್ನ ಕಿವಿ ಹಿಂಡಿ, "ಒಳಗಾಲು ಬಿಟ್ರೆ ಬೇರೆ ಯಾವ ಪಟ್ಟು ಇದೆಯೋ? ಬೇಗ ಹೇಳು," ಎಂದಳು. ಅಂಗಡಿಯ ಯಜಮಾನರೂ ಮಧ್ಯಾಹ್ನ ಹೆಂಗಸರಿಗೆಂದೇ ಚಾಪೆ ಹಾಸಲು ಶುರುಮಾಡಿದರು. ಅವರ ಓದು ಮುಗಿದ ಮೇಲೆ ಅಕ್ಕನ ಕಥೆ. ಆಗ ಅವರೂ ಪುಸ್ತಕ ಮುಚ್ಚಿ ಕೇಳುತ್ತಿದ್ದರು.

ಎಷ್ಟೋ ವರ್ಷಗಳ ಮೇಲೆ ಅಕ್ಕನಿಗೆ ಹೇಳಿದೆ: "ಆ ಸುಳ್ಳು ನನ್ನದು ಅಂತ ಎಲ್ಲರ ಮುಂದೆ ಒಪ್ಕೋತೀನಿ ಕಣಕ್ಕ."

"ಬಾಯ್ಮುಚ್ಕೊಂಡಿರು," ಎಂದಳು. "ಬೈಸ್ಕೊಳ್ಳೋವಾಗ ನನ್ನದು, ಈಗ ಹೆಸರು ಬಂದ ಮೇಲೆ ನಿನ್ನದಾ?"