ಮೂರು ಸಲ ನೋಡುವ ಭಾವ
ಮುಖದ ಕ್ರೀಮುಗಳಲ್ಲಿ ಕೆಫೀನ್ ಎಷ್ಟಿದೆ ಎಂದು ಅಳೆಯುವುದು ನಮ್ಮ ಭಾವನ ಕೆಲಸ. ಚಿಟಿಕೆ ಕ್ರೀಮನ್ನು ತೂಗಿ, ಬಿಸಿನೀರಿನಲ್ಲಿ ಕದಡಿ, ಜಿಡ್ಡನ್ನು ಸೋಸಿ ತೆಗೆದು, ಉಳಿದ ತಿಳಿಯನ್ನು ಮೂರು ಸಲ ಅಳೆಯದೆ ಅವರು ಬಾಯಿ ಬಿಡುವವರಲ್ಲ. ಕೆಫೀನ್ ಸಿಗದಿದ್ದರೆ ವರದಿಯಲ್ಲಿ ಒಂದೇ ಮಾತು, ‘ಪತ್ತೆಯಾಗಿಲ್ಲ’. ಕಂಪನಿಯವರು ತಲೆಕೆಳಗಾಗಿ ನಿಂತರೂ ಅದು ಬದಲಾಗದು. ಮನೆಯಲ್ಲೂ ಅದೇ ಚಾಳಿ. ಅಡುಗೆಯ ಉಪ್ಪಿನ ಬಗ್ಗೆ ತೀರ್ಪು ಬರುವುದು ಮೂರನೆಯ ತುತ್ತಿಗೇ. ಕಣ್ಣಿನ ಕೆಳಗಿನ ಕಪ್ಪು ಹೋಗಲೆಂದು ಅಕ್ಕ ವರ್ಷದಿಂದ ಹಚ್ಚುತ್ತಿರುವ ಕೆಫೀನ್ ಕ್ರೀಮೇ ಮೊನ್ನೆ ಅವರ ಮೇಜಿಗೆ ಬಂತು. ಕೆಫೀನ್ ಎಳ್ಳಷ್ಟೂ ಇರಲಿಲ್ಲ. ನನಗೆ ಹೇಳಿದರು, ಅವಳಿಗೆ ಹೇಳಲಿಲ್ಲ. ಇವತ್ತು ಬೆಳಿಗ್ಗೆ ಅಕ್ಕ ಮುಖ ಮುಂದೆ ಮಾಡಿ, “ಕಪ್ಪು ಇನ್ನೂ ಇದ್ಯೇನ್ರೀ?” ಅಂದಳು. ಆ ಕಪ್ಪು ನನಗೆ ಬಾಗಿಲಿನಿಂದಲೇ ಕಾಣುತ್ತಿತ್ತು. ಭಾವ ಕನ್ನಡಕ ಒರೆಸಿಕೊಂಡು, ಅವಳನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, ಮೂರು ಸಲ ನೋಡಿದರು. “ಪತ್ತೆಯಾಗಿಲ್ಲ ಕಣೇ,” ಅಂದರು.