ತಾನಾಗಿ ನಡೆದ ಕಾಯಿ

ಕಾಕು ಅವರ ಬಲಗೈಯ ಕಿರುಬೆರಳು ಸೊಟ್ಟಗಿತ್ತು. ಎಂದೋ ಬಾಗಿಲಿಗೆ ಸಿಕ್ಕಿ ಮುರಿದದ್ದು, ಸರಿಯಾಗಿ ಕೂಡಿರಲಿಲ್ಲ. ಚೌಕಾಬಾರ ಆಡುವಾಗ ಕವಡೆ ಎಸೆದ ಕೈ ಹಿಂದಕ್ಕೆ ಬರುತ್ತಿದ್ದಂತೆ ಆ ಬೆರಳು ಅವರದೇ ಕಾಯಿಯೊಂದನ್ನು ಒಂದು ಮನೆ ಮುಂದಕ್ಕೆ ತಳ್ಳಿಬಿಡುತ್ತಿತ್ತು. ಕೇಳಿದರೆ, "ಬೆರಳ ಸೊಟ್ಟ ಅದವ್ವಾ, ನಾ ಏನ ಮಾಡ್ಲಿ?" ಎನ್ನುತ್ತಿದ್ದರು.

ಮರಾಠಿ ನಾಡಿನ ಖಡಕಿಯಲ್ಲಿ ನಾನು ಬಾಡಿಗೆಗಿರುವ ಮಹಡಿಕೋಣೆಯ ಮಾಲೀಕರು ಅವರು. ಕಲಬುರಗಿ ಕಡೆಯವರು. ಗಲ್ಲಿಯವರೆಲ್ಲ ಕರೆಯುವಂತೆ ನಾನೂ ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆ. ಗಂಡನನ್ನು ಬಿಟ್ಟು ಬಂದವಳು ನಾನು. ಖೋಲಿ ಹುಡುಕಿಕೊಂಡು ಹೋದಲ್ಲೆಲ್ಲ ಮೊದಲು ಗಂಡನೆಲ್ಲಿ ಎಂದು ಕೇಳಿ, ಆಮೇಲೆ ಬಾಗಿಲು ಮುಚ್ಚುತ್ತಿದ್ದರು. ಕಾಕು ಕೇಳಿದ್ದು ಬೇರೆ: "ಚೌಕಾಬಾರ ಆಡಾಕ ಬರ್ತದೇನು?" ಆ ಒಂದು ಪ್ರಶ್ನೆಗೇ ಅವರು ನನಗೆ ಇಷ್ಟವಾಗಿಬಿಟ್ಟರು.

ಸೋಲು ಎಂದರೆ ಅವರಿಗೆ ಆಗದು. ಸೋಲುವ ಹೊತ್ತಿಗೆ ಸರಿಯಾಗಿ ಒಲೆಯ ಮೇಲಿನ ಬೇಳೆ ನೆನಪಾಗುತ್ತಿತ್ತು. ಏಳುವಾಗ ಸೆರಗು ತಾಗಿ ಕಾಯಿಗಳೆಲ್ಲ ಚೆಲ್ಲಾಪಿಲ್ಲಿ. ಮರಳಿ ಬಂದು, "ಎಲ್ಲಿದ್ವಿ? ನಾ ಮುಂದಿದ್ದೆ ಅಲ್ಲ?" ಎಂದು ಕೂರುತ್ತಿದ್ದರು.

ಅವರ ಮಗ ಅಡುಗೆ ಗುತ್ತಿಗೆ ಶುರು ಮಾಡಿದ್ದ. ದೊಡ್ಡ ಪಾತ್ರೆಗಳನ್ನು ಇಡಲು ಅವನಿಗೆ ನನ್ನ ಖೋಲಿ ಬೇಕಾಯಿತು. "ಮುಂದಿನ ತಿಂಗಳ ಖಾಲಿ ಮಾಡ್ರಿ ಅಕ್ಕಾರ" ಎಂದ. ಕಾಕುವಿಗೆ ಒಲೆಯ ಮೇಲಿನ ಬೇಳೆ ನೆನಪಾಯಿತು. ಮತ್ತೆ ಬಾಗಿಲು ಬಾಗಿಲು ತಿರುಗುವುದನ್ನು ನೆನೆದೇ ನನಗೆ ಊಟ ಸೇರದಾಯಿತು.

ಅದೇ ವಾರ ಗಲ್ಲಿಯ ಹೆಂಗಸರೆಲ್ಲ ಬಸ್ಸು ಮಾಡಿಕೊಂಡು ಕೊಂಕಣದ ದಿವೇಆಗರದ ಕಡಲತೀರಕ್ಕೆ ಹೊರಟರು. ಕಾಕು ನನ್ನನ್ನೂ ಎಳೆದುಕೊಂಡು ಹೋದರು. ಎಲ್ಲರೂ ನೀರಿಗಿಳಿದರೆ ಇವರು ಮರಳಿನಲ್ಲಿ ಬಾಗಿ ಬಾಗಿ ಶಂಖದಂಥ ಪುಟ್ಟ ಚಿಪ್ಪುಗಳನ್ನು ಆರಿಸಿದರು, ಆಟದ ಕಾಯಿಗಳಿಗೆಂದು. ಕವಡೆಗಳಂತೂ ಎಲೆಯಡಿಕೆ ಸಂಚಿಯಲ್ಲಿ ಸದಾ ಇರುತ್ತಿದ್ದವು. ಸಂಜೆ ವಸತಿಗೃಹದ ಪಡಸಾಲೆಯಲ್ಲಿ ಸೀಮೆಸುಣ್ಣದಿಂದ ಮನೆ ಬರೆದರು. ಅವರಿಗೆ ಚಿಪ್ಪು, ನನಗೆ ಶೇಂಗಾ.

"ನೀ ಗೆದ್ದರ ಖೋಲಿ ನಿಂದು. ಸೋತರ ಬ್ಯಾರೆ ಮನಿ ನೋಡು. ಮಗಗ ನಾ ಏನರ ಒಂದ ಹೇಳಬೇಕಲ್ಲ?"

ಸುತ್ತ ಕೂತವರು ನಕ್ಕರು. ನನಗೆ ನಗು ಬರಲಿಲ್ಲ.

ಆಟ ಅವರ ಕಡೆಗೇ ವಾಲಿತು. ಅವರ ಮೂರು ಕಾಯಿ ನಡುಮನೆ ಸೇರಿ ಹಣ್ಣಾಗಿ, ಕೊನೆಯದು ಅದರ ಬಾಯಿಗೇ ಬಂದು ಕೂತಿತ್ತು. ನನ್ನ ಶೇಂಗಾಗಳು ಇನ್ನೂ ಹೊರಸುತ್ತಿನಲ್ಲೇ ತಿರುಗುತ್ತಿದ್ದವು. ನಾನು ಕವಡೆ ಕೈಗೆತ್ತಿಕೊಂಡಾಗ ಅವರ ಆ ಕೊನೆಯ ಕಾಯಿ ಅಲುಗಿತು.

"ಕಾಕು, ಬೆರಳು!" ಎಂದು ಕೂಗಿದೆ.

ಅವರು ಎರಡೂ ಕೈ ಮೇಲೆತ್ತಿದರು. "ದೇವರಾಣಿ, ನಾ ಮುಟ್ಟಿಲ್ಲ!"

ಮುಟ್ಟಿರಲಿಲ್ಲ, ನಿಜ. ಚಿಪ್ಪು ಮತ್ತೆ ಅಲುಗಿ, ನಡುಮನೆಗೆ ಬೆನ್ನು ಹಾಕಿ, ಅಡ್ಡಡ್ಡ ನಡೆದು ಗೆರೆ ದಾಟಿತು. ಕಾಕು ಮಂಡಿನೋವನ್ನೂ ಮರೆತು ಕುರ್ಚಿ ಹತ್ತಿ ನಿಂತರು. "ಅಯ್ಯ ಯವ್ವಾ, ಇದಕ್ಕ ಕಾಲ ಬಂದಾವ!"

ವಸತಿಗೃಹದ ಒಡತಿ ಓಡಿಬಂದು ನೋಡಿ, ನಕ್ಕು ನಕ್ಕು ಮರಾಠಿಯಲ್ಲಿ ವಿವರಿಸಿದರು. ಅದು ಪುಟ್ಟ ಏಡಿ. ಅದಕ್ಕೆ ಸ್ವಂತ ಚಿಪ್ಪಿಲ್ಲ, ಯಾರೋ ಬಿಟ್ಟುಹೋದ ಚಿಪ್ಪಿನಲ್ಲಿ ಇರುತ್ತದೆ. ಕಾಕು ಕುರ್ಚಿಯಿಂದಿಳಿದು, ಬಾಗಿ, ಬಹಳ ಹೊತ್ತು ಅದನ್ನೇ ನೋಡಿದರು.

"ಕಾಯಿ ಗೆರಿ ದಾಟಿ ಹೋತು. ನಾ ಸೋತೆ" ಎಂದರು.

ಅಂಥ ನಿಯಮ ಯಾವ ಊರಿನ ಚೌಕಾಬಾರದಲ್ಲೂ ಇಲ್ಲ. ಬೇರೆ ಚಿಪ್ಪು ಇಟ್ಟಿದ್ದರೆ ಆಗುತ್ತಿತ್ತು. ಅವರು ಅಲ್ಲೇ ಮಗನಿಗೆ ಫೋನು ಹಚ್ಚಿದರು: "ನಾ ಸೋತೀನಿ. ಆಕಿ ಅಲ್ಲೇ ಇರ್ತಾಳ." ಆಮೇಲೆ ಏಡಿಯನ್ನು ಸ್ಟೀಲಿನ ತಟ್ಟೆಯಲ್ಲಿಟ್ಟುಕೊಂಡು ಹೋಗಿ ಅಲೆ ಮುಟ್ಟುವಲ್ಲಿ ಬಿಟ್ಟು ಬಂದರು.

ಕಳೆದ ವರ್ಷ ಕಾಕು ತೀರಿಕೊಂಡರು. ಕಾರ್ಯವೆಲ್ಲ ಮುಗಿದ ಮೇಲೆ ಮಗ ಮಹಡಿ ಹತ್ತಿ ಬಂದ. ಅವನು ಬಾಯಿಬಿಟ್ಟು ಹೇಳುವ ಮೊದಲೇ ಹೊರಡೋಣವೆಂದು ನಾನು ಸೂಟ್‌ಕೇಸಿಗೆ ಬಟ್ಟೆ ತುಂಬುತ್ತಿದ್ದೆ. ಅವನ ಕೈಯಲ್ಲಿ ಕವಡೆಯ ಸಂಚಿಯಿತ್ತು.

"ಇವು ನಿಮ್ಮ ಕಡೆ ಇರಲಿ ಅಕ್ಕಾರ. ಖೋಲಿ ಬಿಡಬ್ಯಾಡ್ರಿ. ಅವ್ವ ಯಾರ ಮುಂದೂ ಸೋತೀನಿ ಅಂದಾಕಿ ಅಲ್ಲ. ನಿಮ್ಮ ಮುಂದ ಅಂದಾಳಂದ್ರ, ನೀವು ಖರೇನ ಗೆದ್ದೀರಿ."

ಅವತ್ತು ಗೆಲ್ಲುತ್ತಿದ್ದದ್ದು ಯಾರೆಂದು ನಾನು ಅವನಿಗೆ ಹೇಳಲಿಲ್ಲ. ಅವನು ಇಳಿದು ಹೋದ ಮೇಲೆ ಸೂಟ್‌ಕೇಸಿನಿಂದ ಬಟ್ಟೆಗಳನ್ನು ತೆಗೆದು ಮತ್ತೆ ಗೂಟಕ್ಕೆ ಹಾಕಿದೆ.